ಏಬಲ್ ಟಾಸ್ಮನ್ ಕಡಲ ದಾರಿ: ಒಂದು ದಿನ ಸಾಕಾ, ಮೂರು ದಿನ ಬೇಕಾ?

ನ್ಯೂಜಿಲೆಂಡಿಗೆ ಬರುವ ನಮ್ಮವರು ಕ್ವೀನ್ಸ್‌ಟೌನ್, ಮಿಲ್ಫರ್ಡ್ ಸೌಂಡ್, ರೋಟೊರುವಾ ನೋಡಿಕೊಂಡು ವಾಪಸ್ ವಿಮಾನ ಹತ್ತುತ್ತಾರೆ. ದಕ್ಷಿಣ ದ್ವೀಪದ ಉತ್ತರ ತುದಿಯಲ್ಲಿರುವ ಏಬಲ್ ಟಾಸ್ಮನ್ ರಾಷ್ಟ್ರೀಯ ಉದ್ಯಾನದ ಹೆಸರು ಪಟ್ಟಿಗೆ ಬರುವುದೇ ಕಮ್ಮಿ. ಬಂದರೆ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಒಂದು ದಿನ ಸಾಕಾ? ನಡೆಯುವವರಿಗಾಗಿ ಕಟ್ಟಿದ ಹಟ್‌ನಲ್ಲಿ ಮಲಗಬೇಕಾ, ಟೆಂಟ್ ಹೊರಬೇಕಾ? ಕಯಾಕ್ ಅನ್ನುವ ಸಣ್ಣ ದೋಣಿಗೆ ಹುಟ್ಟು ಹಾಕಲೇಬೇಕಾ? ಊರಿಂದ ಬಂದಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಆದರೆ ಯಾವುದನ್ನು ಮೊದಲು ನೋಡಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ. ಬಹಳ ಜನ ಮೊದಲು ವಿಮಾನದ ಟಿಕೆಟ್ ಮಾಡಿಸುತ್ತಾರೆ, ಆಮೇಲೆ ಹಟ್ ನೋಡುತ್ತಾರೆ, ಸಮುದ್ರದ ಉಬ್ಬರ-ಇಳಿತದ ವೇಳಾಪಟ್ಟಿಯನ್ನು ಹೊರಡುವ ಹಿಂದಿನ ದಿನ ತೆಗೆಯುತ್ತಾರೆ. ಇಲ್ಲಿ ಅದು ತಲೆಕೆಳಗಾಗಬೇಕು. ಈ ದಾರಿಯಲ್ಲಿ ಯಜಮಾನಿಕೆ ಸಮುದ್ರದ್ದು.

ಜಾಗ ಹೇಗಿದೆ

ಕಾಲುದಾರಿಯ ಉದ್ದ 60 ಕಿ.ಮೀ. ದಕ್ಷಿಣದಲ್ಲಿ ಮಾರಾಹೌ ಹಳ್ಳಿಯಿಂದ ಉತ್ತರದಲ್ಲಿ ವೈನೂಯಿವರೆಗೆ. ಪೂರ್ತಿ ನಡೆಯಲು 3ರಿಂದ 5 ದಿನ ಹಿಡಿಯುತ್ತದೆ. ನ್ಯೂಜಿಲೆಂಡಿನ 'ಗ್ರೇಟ್ ವಾಕ್'ಗಳಲ್ಲಿ ಇದೂ ಒಂದು. ಅಂದರೆ ದಾರಿ ಅಗಲವಾಗಿದೆ, ಬೋರ್ಡುಗಳಿವೆ, ಹೊಳೆಗಳಿಗೆ ಸೇತುವೆಗಳಿವೆ. ಒಂದು ಕೊಲ್ಲಿಯಿಂದ ಇನ್ನೊಂದು ಕೊಲ್ಲಿಗೆ ಸಣ್ಣ ಗುಡ್ಡ ಹತ್ತಿ ಇಳಿಯುವುದು, ಅಷ್ಟೇ. ಕುಮಾರ ಪರ್ವತ ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಒಳ್ಳೆಯ ಸ್ಪೋರ್ಟ್ಸ್ ಶೂ ಸಾಕು.

ನ್ಯೂಜಿಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲೆಲ್ಲ ಇದೇ ಚಿಕ್ಕದು, ಸುಮಾರು 237 ಚದರ ಕಿ.ಮೀ. ಶುರುವಾದದ್ದು 1942ರಲ್ಲಿ. ಡಚ್ ನಾವಿಕ ಏಬಲ್ ಟಾಸ್ಮನ್ 1642ರ ಡಿಸೆಂಬರಿನಲ್ಲಿ ಪಕ್ಕದ ಗೋಲ್ಡನ್ ಬೇಯಲ್ಲಿ ಲಂಗರು ಹಾಕಿ 300 ವರ್ಷ ಆಯಿತು ಅಂತ ಅವನ ಹೆಸರಿಟ್ಟರು. ವಿಚಿತ್ರ ಅಂದರೆ ಆತ ಇಲ್ಲಿ ನೆಲಕ್ಕೆ ಕಾಲಿಡಲೇ ಇಲ್ಲ. ಅಲ್ಲಿನ ಮೂಲನಿವಾಸಿ ಮಾವೊರಿಗಳ ಜೊತೆ ಘರ್ಷಣೆಯಾಗಿ ಅವನ ಕಡೆಯ ನಾಲ್ವರು ಸತ್ತರು, ಹಡಗುಗಳು ಹಾಗೇ ಮುಂದೆ ಹೋದವು. ಉದ್ಯಾನ ಆಗಲೇಬೇಕು ಅಂತ ಹಟ ಹಿಡಿದು ಓಡಾಡಿದವರು ಪೆರಿನ್ ಮಾನ್‌ಕ್ರೀಫ್ ಎಂಬ ಪಕ್ಷಿಪ್ರೇಮಿ ಹೆಂಗಸು. ಹೆಸರಿಡುವುದಿದ್ದರೆ ಅವರದ್ದೇ ಇಡಬಹುದಿತ್ತು ಅಂತ ನನಗೆ ಅನ್ನಿಸುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಗುಂಬೆಯಂಥ ದಟ್ಟ ಕಾಡು ಬೇಕು ಅಂತ ಬಂದರೆ ನಿರಾಸೆಯಾದೀತು. ವಲಸೆ ಬಂದ ರೈತರು ಇಲ್ಲಿನ ಕಾಡನ್ನು ಕಡಿದು, ಸುಟ್ಟು ಹುಲ್ಲುಗಾವಲು ಮಾಡಿದ್ದರು. ಈಗ ಕಾಣುವುದರಲ್ಲಿ ಬಹುಪಾಲು ಮತ್ತೆ ಚಿಗುರುತ್ತಿರುವ ಕಾಡು. ಇಲ್ಲಿನ ಬೆಲೆ ಇರುವುದು ಕಡಲಂಚಿನಲ್ಲಿ. ಗ್ರಾನೈಟ್ ಬಂಡೆ ಸವೆದು ಆದ ಬಂಗಾರದ ಬಣ್ಣದ ದಪ್ಪ ಮರಳು, ಹಸಿರು ನೀರು, ಮರಗಳ ಸಂದಿಯಲ್ಲಿ ಪ್ರತಿ ತಿರುವಿಗೂ ಇನ್ನೊಂದು ಕೊಲ್ಲಿ.

ಒಂದೇ ದಿನ ಇದ್ದರೆ

ಇದು ಬಡಪಾಯಿ ಆಯ್ಕೆ ಅಂದುಕೊಳ್ಳಬೇಡಿ. ಬೇರೆ ಎಷ್ಟೋ ಗ್ರೇಟ್ ವಾಕ್‌ಗಳಲ್ಲಿ ಒಂದು ದಿನ ಅಂದರೆ ಹೋದ ದಾರಿಯಲ್ಲೇ ವಾಪಸ್ ಬರಬೇಕು. ಇಲ್ಲಿ ವಾಟರ್ ಟ್ಯಾಕ್ಸಿ ಇದೆ. ಮಾರಾಹೌ ಮತ್ತು ಕೈಟೆರಿಟೆರಿಯಿಂದ ಹೊರಡುವ ದೋಣಿಗಳು ನಡುನಡುವಿನ ಬೀಚುಗಳಲ್ಲಿ ಇಳಿಸಿ ಹತ್ತಿಸಿಕೊಳ್ಳುತ್ತವೆ. ಬೇಕಾದ ತುಂಡನ್ನು ಮಾತ್ರ ನಡೆಯಬಹುದು.

ಮಾರಾಹೌದಲ್ಲಿ ದೋಣಿ ಹತ್ತುವುದೇ ಒಂದು ನೋಟ. ಇಳಿತದ ಹೊತ್ತಿನಲ್ಲಿ ನೀರು ಎಷ್ಟೋ ದೂರ ಹಿಂದೆ ಸರಿದಿರುತ್ತದೆ. ಹಾಗಾಗಿ ದೋಣಿಯನ್ನು ಟ್ರೇಲರ್ ಮೇಲೆ ಕೂರಿಸಿ, ಟ್ರೇಲರನ್ನು ಟ್ರ್ಯಾಕ್ಟರಿಗೆ ಕಟ್ಟಿರುತ್ತಾರೆ. ನೀವು ಅಂಗಳದಲ್ಲೇ ದೋಣಿ ಹತ್ತಿ, ಲೈಫ್ ಜಾಕೆಟ್ ಹಾಕಿಕೊಂಡು ಕೂರುತ್ತೀರಿ. ಟ್ರ್ಯಾಕ್ಟರ್ ಗಡಗಡ ಅಂತ ಟಾರ್ ರಸ್ತೆಯಲ್ಲಿ ಹೋಗಿ, ಮರಳಿಗೆ ಇಳಿದು, ನೀರಿಗೆ ಹಿಮ್ಮುಖವಾಗಿ ನುಗ್ಗಿ ದೋಣಿಯನ್ನು ಬಿಟ್ಟು ಬರುತ್ತದೆ. ಮಕ್ಕಳಿಗಂತೂ ಅರ್ಧ ಪ್ರವಾಸ ಅಲ್ಲೇ ಮುಗಿದ ಹಾಗೆ. ದೋಣಿಗಳು ಸಾಮಾನ್ಯವಾಗಿ ಮೊದಲು ಸ್ಪ್ಲಿಟ್ ಆ್ಯಪಲ್ ರಾಕ್ ಕಡೆ ಒಂದು ಸುತ್ತು ಹಾಕುತ್ತವೆ. ನಡುವೆ ಸೀಳಿದ ದುಂಡು ಬಂಡೆ ಅದು, ನೀರಿನ ಮಧ್ಯೆ ನಿಂತಿದೆ.

ಒಂದು ದಿನಕ್ಕೆ ಮೂರು ದಾರಿ ಉಂಟು. ನನ್ನ ಓಟು ಮೊದಲನೆಯದಕ್ಕೆ: ದೋಣಿಯಲ್ಲಿ ಬಾರ್ಕ್ ಬೇಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಆಂಕರೇಜ್‌ವರೆಗೆ ನಡೆದು, ದೋಣಿಯಲ್ಲಿ ವಾಪಸ್. ಪೂರ್ತಿ ದಾರಿ 11.5 ಕಿ.ಮೀ., ಸುಮಾರು 4 ಗಂಟೆ. ಫಾಲ್ಸ್ ರಿವರ್ ಮೇಲಿನ 47 ಮೀಟರ್ ತೂಗುಸೇತುವೆ ಇದೇ ತುಂಡಿನಲ್ಲಿ ಬರುತ್ತದೆ. ಟೊರೆಂಟ್ ಬೇಗೆ ಬಂದಾಗ ಇಳಿತ ಇದ್ದರೆ ಅಳಿವೆಯ ಮಧ್ಯೆಯೇ ದಾಟಿ ಸುಮಾರು 3 ಕಿ.ಮೀ. ಉಳಿಸಬಹುದು. ಉಬ್ಬರ ಇದ್ದರೆ ಸುತ್ತುಬಳಸಿನ ಕಾಡುದಾರಿ ಹಿಡಿಯಬೇಕು. ಅದೂ ನಷ್ಟವಲ್ಲ. ಕ್ಲಿಯೋಪಾತ್ರಾಸ್ ಪೂಲ್ ಎಂಬ ಹೊಳೆಯ ಗುಂಡಿಗೆ ತಿರುಗುವ ಕವಲು ಆ ಸುತ್ತುದಾರಿಯಲ್ಲೇ ಇದೆ. ಪಾಚಿ ಹಿಡಿದ ಬಂಡೆಯ ಮೇಲೆ ನೀರಿನ ಜೊತೆ ಜಾರಿ ಗುಂಡಿಗೆ ಬೀಳಬಹುದು. ನೀರು ಮಾತ್ರ ಹಲ್ಲು ಕಟಕಟ ಅನ್ನುವಷ್ಟು ತಣ್ಣಗೆ. ಇಳಿತದಲ್ಲಿ ಅಡ್ಡ ದಾಟಿದವರಿಗೆ ಗಂಟೆ ಉಳಿಯುತ್ತದೆ, ಗುಂಡಿ ತಪ್ಪುತ್ತದೆ.

ಎರಡನೆಯದು ಮಾರಾಹೌದಿಂದ ಆಂಕರೇಜ್‌ಗೆ 12.4 ಕಿ.ಮೀ. ನಡೆದು ದೋಣಿಯಲ್ಲಿ ವಾಪಸ್. ದೋಣಿಯ ಖರ್ಚು ಒಂದು ಕಡೆಯದ್ದು ಮಾತ್ರ, ಬೆಳಿಗ್ಗೆ ನಿಮಗೆ ಬೇಕಾದಾಗ ಹೊರಡಬಹುದು. ಆದರೆ ತೂಗುಸೇತುವೆ ಸಿಗುವುದಿಲ್ಲ, ಮೊದಲ ಅರ್ಧ ಸ್ವಲ್ಪ ಸಪ್ಪೆ. ದುಡ್ಡು ಉಳಿಸಬೇಕು ಅನ್ನುವವರಿಗೆ ಸರಿ.

ಮೂರನೆಯದು ನಡಿಗೆಯೇ ಇಲ್ಲದ್ದು. ಆಂಕರೇಜ್‌ನಲ್ಲೋ ಬಾರ್ಕ್ ಬೇಯಲ್ಲೋ ಇಳಿದು, ಬೀಚಿನಲ್ಲಿ ನಾಲ್ಕು ಗಂಟೆ ಕಳೆದು, ಸಂಜೆಯ ದೋಣಿಗೆ ವಾಪಸ್. ಮಂಡಿ ನೋವಿನ ಅಪ್ಪ ಅಮ್ಮನ ಜೊತೆ ಬಂದವರು ಸುಮ್ನೆ ಇದನ್ನೇ ಮಾಡಿ. ಒಂದು ಎಚ್ಚರ: ಈ ಬೀಚುಗಳಲ್ಲಿ ಜೆಟ್ಟಿ ಇರುವುದಿಲ್ಲ. ದೋಣಿಯ ಮೂತಿಯನ್ನು ಮರಳಿಗೆ ತಾಗಿಸಿ ಮೆಟ್ಟಿಲು ಇಳಿಬಿಡುತ್ತಾರೆ. ಅಲೆ ಇದ್ದರೆ ಕಾಲು ಒದ್ದೆಯಾಗುತ್ತದೆ. ಅಮ್ಮ ಸೀರೆಯೇ ಉಡುತ್ತೇನೆ ಅಂದರೆ ಒಂದು ಕೈಯಲ್ಲಿ ನೆರಿಗೆ, ಇನ್ನೊಂದರಲ್ಲಿ ಚಪ್ಪಲಿ. ಹಿಡಿದು ಇಳಿಸಲು ಒಬ್ಬರು ಕೆಳಗೆ ನಿಂತಿರಿ. ಚೂಡಿದಾರ್ ಆದರೆ ಸಲೀಸು.

ರಾತ್ರಿ ಉಳಿಯುವುದಾದರೆ

ಇಲ್ಲಿ ಆಯ್ಕೆ ಎರಡು. ಮೂರು ದಿನ ನಡೆದು ಅವರೋವಾದಲ್ಲಿ ಮುಗಿಸುವುದು, ಇಲ್ಲವೇ ನಾಲ್ಕೈದು ದಿನ ತೆಗೆದುಕೊಂಡು ವೈನೂಯಿವರೆಗೆ ಪೂರ್ತಿ ಹೋಗುವುದು.

ಮೂರು ದಿನದ ಲೆಕ್ಕ ಹೀಗೆ. ಮೊದಲ ದಿನ ಮಾರಾಹೌದಿಂದ ಆಂಕರೇಜ್. ಎರಡನೇ ದಿನ ಬಾರ್ಕ್ ಬೇ. ಮೂರನೇ ದಿನ ಅವರೋವಾ ಕಡೆಗೆ ಸುಮಾರು 13 ಕಿ.ಮೀ. ನಡೆದು, ಬೀಚಿನಿಂದ ದೋಣಿ ಹಿಡಿದು ವಾಪಸ್. ಮಧ್ಯದ ದಿನ ಬೇಕಂತಲೇ ಹಗುರ. ಆ ದಿನ ಸಮುದ್ರಕ್ಕೆ ಇಳಿಯಬಹುದು. ದಾರಿಯ ಅತಿ ಚೆಂದದ ಭಾಗಗಳು ಇದರಲ್ಲೇ ಬಂದುಬಿಡುತ್ತವೆ. ಓನೆಟಹುಟಿ ಬೀಚಿನ ಉದ್ದಕ್ಕೂ ನಡೆಯುವಾಗ ಎದುರಿಗೆ ಟೋಂಗಾ ದ್ವೀಪ, ಅದರ ಬಂಡೆಗಳ ಮೇಲೆ ಸೀಲ್‌ಗಳಿರುತ್ತವೆ. ಸುತ್ತಲಿನ ಸಮುದ್ರ 1993ರಿಂದ ರಕ್ಷಿತ ವಲಯ, ಮೀನು ಹಿಡಿಯುವ ಹಾಗಿಲ್ಲ. ಹತ್ತಿರದ ಹಳೇ ಕ್ವಾರಿಯ ಗ್ರಾನೈಟ್ ನೆಲ್ಸನ್ ನಗರದ ಕೆಥೆಡ್ರಲ್ ಮೆಟ್ಟಿಲುಗಳಿಗೆ ಹೋಗಿದೆ. ನೆಲ್ಸನ್‌ನಲ್ಲಿ ಇಳಿದುಕೊಂಡವರು ಅಷ್ಟೊತ್ತಿಗೆ ಅದೇ ಕಲ್ಲು ಹತ್ತಿ ಬಂದಿರುತ್ತಾರೆ.

ಅವರೋವಾದ ಇನ್ನೊಂದು ಕಥೆ ನನಗೆ ಬಲು ಇಷ್ಟ. ಅಲ್ಲಿನ ಬೀಚಿನ ಒಂದು ತುಂಡು ಖಾಸಗಿಯವರ ಕೈಯಲ್ಲಿತ್ತು, ಮಾರಾಟಕ್ಕೆ ಬಂತು. 2016ರಲ್ಲಿ ಸುಮಾರು 40,000 ಜನ ಆನ್‌ಲೈನ್‌ನಲ್ಲಿ ಚಂದಾ ಎತ್ತಿ, 20 ಲಕ್ಷ ನ್ಯೂಜಿಲೆಂಡ್ ಡಾಲರಿಗೂ ಜಾಸ್ತಿ ಕೂಡಿಸಿ, ಅದನ್ನು ಕೊಂಡು ಉದ್ಯಾನಕ್ಕೆ ಸೇರಿಸಿದರು. ಈಗ ಯಾರು ಬೇಕಾದರೂ ಟವೆಲ್ ಹಾಸಿ ಮಲಗಬಹುದು.

ಪೂರ್ತಿ 60 ಕಿ.ಮೀ. ಹೋಗುವವರಿಗೆ ಅವರೋವಾ ಅಳಿವೆಯೇ ಪರೀಕ್ಷೆ. ಹಟ್ಟಿನ ಮುಂದೆಯೇ ಅಳಿವೆ ಇದೆ. ದಾರಿ ಅದರ ನಡುವೆಯೇ ಹಾದು ಆಚೆ ದಡಕ್ಕೆ ಹೋಗುತ್ತದೆ. ಸೇತುವೆ ಇಲ್ಲ. ಟೊರೆಂಟ್ ಬೇಯಲ್ಲಿರುವಂತೆ ಸುತ್ತುದಾರಿಯೂ ಇಲ್ಲ. ಇಳಿತಕ್ಕೆ ಒಂದೂವರೆ ಗಂಟೆ ಮುಂಚೆಯಿಂದ ಇಳಿತ ಕಳೆದು ಎರಡು ಗಂಟೆವರೆಗೆ, ಅಷ್ಟರೊಳಗೆ ದಾಟಬೇಕು. ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿನ ಆಸುಪಾಸು ವ್ಯತ್ಯಾಸ. ಇಲ್ಲಿ ಅದು ನಾಲ್ಕು ಮೀಟರಿನವರೆಗೂ ಹೋಗುತ್ತದೆ. ಸ್ವಲ್ಪ ಈಜಿ ದಾಟೋಣ ಅನ್ನುವ ಮಾತೇ ಬೇಡ.

ಸರಿಯಾದ ಹೊತ್ತಿನಲ್ಲಿ ಬಂದರೆ ದಾಟುವುದು ಮಜವಾಗಿರುತ್ತದೆ. ಶೂ ಬಿಚ್ಚಿ ಬ್ಯಾಗಿಗೆ ನೇತುಹಾಕಿ, ಪ್ಯಾಂಟ್ ಮಡಚಿ, ಆಚೆ ದಡದ ಕಿತ್ತಳೆ ಬಣ್ಣದ ಗುರುತು ನೋಡಿಕೊಂಡು ಇಳಿಯುವುದು. ಮೊದಲು ಗಟ್ಟಿ ಮರಳು, ಆಮೇಲೆ ಬೆರಳ ಸಂದಿಯಲ್ಲಿ ಪಚಕ್ ಅನ್ನುವ ಕೆಸರು, ಆಮೇಲೆ ಉದ್ದಕ್ಕೂ ಕಪ್ಪೆಚಿಪ್ಪು. ಆ ಚಿಪ್ಪುಗಳ ಅಂಚು ಚೂಪು. ಬರಿಗಾಲಲ್ಲಿ ಎಂಥವರೂ ಕುಂಟುತ್ತಾರೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಇರಲಿ. ಹವಾಯಿ ಚಪ್ಪಲಿಯನ್ನು ಕೆಸರು ಕಿತ್ತುಕೊಳ್ಳುತ್ತದೆ. ನಡುವಿನ ಕಾಲುವೆಯಲ್ಲಿ ನೀರು ಮೊಣಕಾಲಿನವರೆಗೆ ಬರಬಹುದು, ಹರಿವು ತಣ್ಣಗೆ ಕಾಲಿಗೆ ಸುತ್ತುತ್ತದೆ.

ದಿನ ಗೊತ್ತು ಮಾಡುವುದು ಹೀಗೆ. ಇಳಿತ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ. ಇವತ್ತು ಬೆಳಿಗ್ಗೆ 7ಕ್ಕೆ ಇದ್ದರೆ ನಾಳೆ 8ಕ್ಕೆ ಹತ್ತು ನಿಮಿಷ ಇರುವಾಗ. ದಕ್ಷಿಣದಿಂದ ಉತ್ತರಕ್ಕೆ ಹೋಗುವವರು ಹಿಂದಿನ ರಾತ್ರಿ ಅವರೋವಾ ಹಟ್ಟಿನಲ್ಲಿ ಇರುತ್ತಾರೆ. ಅವರಿಗೆ ಬೆಳಗಿನ ಇಳಿತ ಬೇಕು. ಯಾಕೆಂದರೆ ಅಲ್ಲಿಂದ ಮುಂದಿನ ಫಾರಿಫಾರಂಗಿ ಹಟ್‌ಗೆ ಸುಮಾರು 17 ಕಿ.ಮೀ. ಇದೆ. ಮಧ್ಯಾಹ್ನ 3ಕ್ಕೆ ಇಳಿತ ಬಿದ್ದರೆ ಆ ದಿನ ಕೆಟ್ಟಿತು. ಬುಕಿಂಗಿಗೆ ಮುಂಚೆ ಇದೊಂದನ್ನು ನೋಡಿಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿ ಹೊಂದುತ್ತದೆ.

ಉತ್ತರದ ಭಾಗಕ್ಕೆ ಬೆಲೆ ಇದೆಯಾ? ಇದೆ, ಆದರೆ ಎಲ್ಲರಿಗೂ ಅಲ್ಲ. ವಾಟರ್ ಟ್ಯಾಕ್ಸಿ ಅವರೋವಾದ ಉತ್ತರಕ್ಕಿರುವ ಟೋಟರನೂಯಿ ಬೀಚಿನಿಂದ ಆಚೆ ಹೋಗುವುದಿಲ್ಲ, ಹಾಗಾಗಿ ಜನ ಒಮ್ಮೆಲೇ ಕಮ್ಮಿಯಾಗುತ್ತಾರೆ. ಫಾರಿಫಾರಂಗಿ ಹಟ್ ಅಂದರೆ 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಒಬ್ಬ ರೈತನ ಮಹಡಿ ಮನೆ. ಅದನ್ನೇ ರಿಪೇರಿ ಮಾಡಿ ಹಟ್ ಮಾಡಿದ್ದಾರೆ. ಮಾತಿಲ್ಲದೆ ಕೂರಬೇಕು ಅನ್ನುವವರಿಗೆ ಅದು ಸ್ವರ್ಗ. ತೊಂದರೆ ಕೊನೆಯಲ್ಲಿ. ವೈನೂಯಿಯಲ್ಲಿ ದಾರಿ ಮುಗಿದಾಗ ನಿಮ್ಮ ಕಾರು ಗುಡ್ಡದ ಆಚೆ ಮಾರಾಹೌದಲ್ಲಿ ಇರುತ್ತದೆ. ನಡುವೆ ಟಾಕಾಕಾ ಹಿಲ್‌ನ ತಿರುವು ರಸ್ತೆ. ಶಟಲ್ ಮೊದಲೇ ಗೊತ್ತು ಮಾಡಿರಬೇಕು.

ಯಾವ ದಿಕ್ಕು ಅನ್ನುವ ಪ್ರಶ್ನೆಯೂ ಇದೆ. ಹೆಚ್ಚಿನವರು ಮಾರಾಹೌದಿಂದ ಹೊರಟು ಕೊನೆಗೆ ದೋಣಿ ಹಿಡಿಯುತ್ತಾರೆ. ನನಗೆ ಇದರ ಉಲ್ಟಾ ಇಷ್ಟ. ಮೊದಲೇ ದೋಣಿಯಲ್ಲಿ ಅವರೋವಾಕ್ಕೋ ಟೋಟರನೂಯಿಗೋ ಹೋಗಿ, ಕಾರಿನ ಕಡೆಗೆ ನಡೆದು ಬರುವುದು. ಕೊನೆಯ ದಿನ ದೋಣಿ ತಪ್ಪೀತು ಅಂತ ಗಡಿಯಾರ ನೋಡುತ್ತಾ ಓಡುವ ಕೆಲಸ ಇರುವುದಿಲ್ಲ. ಟೋಟರನೂಯಿಯಲ್ಲಿ ಇಳಿಯುವುದಾದರೆ ಮಾತ್ರ ಮೊದಲ ದಿನವೇ 7 ಕಿ.ಮೀ. ನಡೆದು ಅವರೋವಾ ಅಳಿವೆ ದಾಟಬೇಕು. ಆಗ ಬೇಕಾದದ್ದು ಮಧ್ಯಾಹ್ನದ ಇಳಿತ. ಚಿಕ್ಕ ಮಕ್ಕಳಿರುವವರು ಅವರೋವಾ ಬೀಚಿನಲ್ಲೇ ಇಳಿದುಬಿಡಿ, ಅಳಿವೆಯ ಗೋಜೇ ಇಲ್ಲ.

ಹಟ್, ಟೆಂಟ್, ಲಾಡ್ಜ್

ದಾರಿಯಲ್ಲಿ ಸರ್ಕಾರಿ ಹಟ್‌ಗಳು ನಾಲ್ಕು: ಆಂಕರೇಜ್, ಬಾರ್ಕ್ ಬೇ, ಅವರೋವಾ, ಫಾರಿಫಾರಂಗಿ. ಟೆಂಟ್ ಹಾಕುವ ಜಾಗಗಳು ಅದಕ್ಕಿಂತ ಎಷ್ಟೋ ಜಾಸ್ತಿ. ಎರಡಕ್ಕೂ ವರ್ಷಪೂರ್ತಿ ಮುಂಗಡ ಬುಕಿಂಗ್ ಕಡ್ಡಾಯ. ಹಟ್ ಬಾಡಿಗೆಯಲ್ಲಿ ಅಲ್ಲಿಯ ನಿವಾಸಿಗಳಿಗೆ ಒಂದು ದರ, ಹೊರದೇಶದಿಂದ ಬಂದವರಿಗೆ ಜಾಸ್ತಿ ದರ. ಆಕ್ಲೆಂಡಿನಲ್ಲಿರುವ ಮಗಳು ತನ್ನ ಹೆಸರಲ್ಲಿ ಬುಕ್ ಮಾಡಿದಳು ಅಂತ ಬೆಂಗಳೂರಿನ ಅಪ್ಪನಿಗೆ ಕಮ್ಮಿ ದರ ಸಿಗುವುದಿಲ್ಲ.

ಹಟ್ಟಿನಲ್ಲಿ ಹಾಸಿಗೆ, ಕುಡಿಯುವ ನೀರು, ಟಾಯ್ಲೆಟ್, ಚಳಿ ಕಾಯಿಸುವ ವ್ಯವಸ್ಥೆ ಇದೆ. ಗ್ಯಾಸ್ ಒಲೆ ಇಲ್ಲ. ಬೇರೆ ಕೆಲವು ಗ್ರೇಟ್ ವಾಕ್‌ಗಳ ಹಟ್‌ಗಳಲ್ಲಿ ಒಲೆ ಇರುವುದರಿಂದ ಜನ ಇಲ್ಲಿ ಏಮಾರುತ್ತಾರೆ. ಒಲೆ, ಪಾತ್ರೆ, ಸ್ಲೀಪಿಂಗ್ ಬ್ಯಾಗ್ ನಿಮ್ಮದೇ ಬೇಕು. ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲ, ನೆಲ್ಸನ್ ಅಥವಾ ಮೊಟುಯೆಕಾದಲ್ಲಿ ಕೊಳ್ಳಿ. ಮಲಗುವುದು ಬೇರೆಯವರ ಜೊತೆ ಒಂದೇ ಕೋಣೆಯಲ್ಲಿ, ಸಾಲಾಗಿ. ಗೊರಕೆ ಸಹಿಸದವರಿಗೆ ಟೆಂಟೇ ವಾಸಿ. ಇಲ್ಲಿ ಟೆಂಟ್ ಅಂದರೆ ಬಡತನವೂ ಅಲ್ಲ. ಹಟ್ ಇಲ್ಲದ ಪುಟ್ಟ ಬೀಚುಗಳಲ್ಲೂ ಕ್ಯಾಂಪ್ ಜಾಗ ಇದೆ, ದಿನದ ದೋಣಿಗಳು ಹೋದ ಮೇಲೆ ಆ ಬೀಚು ನಿಮ್ಮದೇ. ಹಟ್ ತುಂಬಿದೆ ಅಂತ ಪ್ಲಾನ್ ಕೈಬಿಡುವ ಮುಂಚೆ ಕ್ಯಾಂಪ್ ಪಟ್ಟಿ ನೋಡಿ.

ದುಡ್ಡಿದ್ದರೆ ಲಾಡ್ಜ್‌ನಲ್ಲಿ ಉಳಿಸುವ ಗೈಡೆಡ್ ನಡಿಗೆಗಳಿವೆ. ಬಿಸಿನೀರಿನ ಸ್ನಾನ, ಬಡಿಸಿದ ಊಟ, ನಿಮ್ಮ ಬ್ಯಾಗ್ ದೋಣಿಯಲ್ಲಿ ಮುಂದೆ ಹೋಗುತ್ತದೆ. ಅರವತ್ತು ದಾಟಿದ, ನಡೆಯಲು ಗಟ್ಟಿಯಿರುವ ದಂಪತಿಗೆ ಇದು ನಿಜಕ್ಕೂ ಒಳ್ಳೆಯದು. ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಬಿಡಿಸಿ ಹೇಳಿ, ಮೀನೂ ಮೊಟ್ಟೆಯೂ ಬೇಡ ಅಂತ.

ಊಟದ ಮಾತು ಬಂತಲ್ಲ. ಹಟ್‌ಗಳಲ್ಲಿ ಅಂಗಡಿ ಇಲ್ಲ, ಕ್ಯಾಂಟೀನ್ ಇಲ್ಲ. ಅವಲಕ್ಕಿಗಿಂತ ಒಳ್ಳೆಯ ಟ್ರೆಕ್ಕಿಂಗ್ ಊಟ ನಾನು ಕಂಡಿಲ್ಲ: ಹಗುರ, ಬೇಯಿಸಬೇಕಿಲ್ಲ, ಚಟ್ನಿಪುಡಿ ಕಲಸಿದರೆ ಆಯಿತು. ಆದರೆ ಊರಿಂದ ತರುವಾಗ ಹುಷಾರು. ನ್ಯೂಜಿಲೆಂಡ್ ವಿಮಾನ ನಿಲ್ದಾಣದಲ್ಲಿ ತಿನ್ನುವ ವಸ್ತು ಯಾವುದೇ ಇರಲಿ, ಇದೆ ಅಂತ ಬರೆದುಕೊಡಬೇಕು. ಬರೆಯದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಬರೆದುಕೊಟ್ಟರೆ ಹೆಚ್ಚೆಂದರೆ ಕಿತ್ತುಕೊಳ್ಳುತ್ತಾರೆ. ಮಣ್ಣು ಮೆತ್ತಿದ ಶೂಗೂ ಇದೇ ನಿಯಮ. ಪಶ್ಚಿಮ ಘಟ್ಟದ ಕೆಸರನ್ನು ಮನೆಯಲ್ಲೇ ತೊಳೆದು ಬನ್ನಿ. ಆಕ್ಲೆಂಡ್, ವೆಲಿಂಗ್ಟನ್, ಕ್ರೈಸ್ಟ್‌ಚರ್ಚ್‌ನಲ್ಲಿ ಇಂಡಿಯನ್ ಅಂಗಡಿಗಳು ಇದ್ದೇ ಇವೆ. ಅಲ್ಲೇ ಕೊಳ್ಳುವುದು ಇನ್ನೂ ಸುಲಭ.

ತಿಂಡಿಗೆ ಕಳ್ಳರೂ ಇದ್ದಾರೆ. ವೆಕಾ ಅಂತ ಹಾರಲಾರದ ಕಂದು ಹಕ್ಕಿ, ಕೋಳಿಯ ಗಾತ್ರ. ಬ್ಯಾಗಿನ ಜಿಪ್ ತೆರೆದಿಟ್ಟು ಈ ಕಡೆ ತಿರುಗಿದರೆ ಬಿಸ್ಕತ್ತಿನ ಪೊಟ್ಟಣ ಕಚ್ಚಿಕೊಂಡು ಪೊದೆಗೆ ಓಡುತ್ತದೆ. ಸ್ಯಾಂಡ್‌ಫ್ಲೈ ಎಂಬ ಕಚ್ಚುವ ನೊಣವೂ ಉಂಟು. ಅದರ ತುರಿಕೆ ವಾರಗಟ್ಟಲೆ ಉಳಿಯಬಹುದು. ಸೊಳ್ಳೆ ಕ್ರೀಮ್ ಮರೆಯಬೇಡಿ.

ಕಯಾಕ್ ಬೇಕಾ?

ಇಲ್ಲಿಗೆ ಬಂದು ಕಯಾಕ್ ಮಾಡದಿದ್ದರೆ ಬಂದದ್ದೇ ದಂಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಧ ದಿನ ಗೈಡ್ ಜೊತೆ ಕಯಾಕ್, ಅರ್ಧ ದಿನ ನಡಿಗೆ ಅನ್ನುವ ಪ್ಯಾಕೇಜ್ ಹೊಸಬರಿಗೆ ಚೆನ್ನಾಗಿದೆ. ಸಾಮಾನ್ಯವಾಗಿ ಇಬ್ಬರು ಕೂರುವ ಕಯಾಕ್ ಕೊಡುತ್ತಾರೆ, ಈಜು ಗಟ್ಟಿಯಾಗಿ ಬರದವರೂ ಲೈಫ್ ಜಾಕೆಟ್ ಹಾಕಿಕೊಂಡು ಹೋಗುತ್ತಾರೆ. ಆದರೆ ಗೈಡ್ ಇಲ್ಲದೆ ಬಾಡಿಗೆಗೆ ತೆಗೆದುಕೊಂಡು ಎರಡು ಮೂರು ದಿನ ಹುಟ್ಟು ಹಾಕುವುದು ಬೇರೆಯೇ ಮಾತು. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ಎದ್ದರೆ ಎದುರು ಗಾಳಿಯಲ್ಲಿ ಭುಜ ಬಿದ್ದುಹೋಗುತ್ತದೆ. ಸಮುದ್ರದಲ್ಲಿ ಹಿಂದೆ ಹುಟ್ಟು ಹಾಕಿದ ಅನುಭವ ಇಲ್ಲದವರು ಅದಕ್ಕೆ ಕೈ ಹಾಕಬೇಡಿ. ಸೀಲ್‌ಗಳಿಂದ 20 ಮೀಟರ್ ದೂರ ಇರಿ, ಫೋಟೋ ಆಸೆಗೆ ಹತ್ತಿರ ಹೋಗಬೇಡಿ. ಬೆಳಗಿನ ಕಯಾಕ್, ಮಧ್ಯಾಹ್ನದ ನಡಿಗೆ, ಈ ಕ್ರಮದ ಪ್ಯಾಕೇಜ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಯಾವಾಗ

ಕ್ರಿಸ್‌ಮಸ್‌ನಿಂದ ಜನವರಿ ಕೊನೆಯವರೆಗೆ ಅಲ್ಲಿ ಶಾಲೆಗಳಿಗೆ ಬೇಸಿಗೆ ರಜೆ. ಹಟ್ ಸಿಗುವುದು ಕಷ್ಟ, ಬೀಚಿನಲ್ಲಿ ಜಾತ್ರೆ. ಫೆಬ್ರವರಿ, ಮಾರ್ಚ್ ಅತ್ಯುತ್ತಮ. ನೀರು ಇನ್ನೂ ಬೆಚ್ಚಗಿರುತ್ತದೆ, ಜನ ಕಮ್ಮಿ. ಆ ಹೊತ್ತಿನಲ್ಲಿ ಕಣಜಗಳು ಜಾಸ್ತಿ. ಕಣಜ ಕಚ್ಚಿದರೆ ಅಲರ್ಜಿ ಆಗುವವರು ಮಾತ್ರೆ ಇಟ್ಟುಕೊಳ್ಳಿ. ನಮ್ಮ ಏಪ್ರಿಲ್-ಮೇ ರಜೆ ಅಲ್ಲಿ ಶರತ್ಕಾಲ. ಸಮುದ್ರಕ್ಕೆ ಇಳಿಯಲು ತಣ್ಣಗೆ, ನಡೆಯಲು ಹಿತ. ಶಾಲೆಗೆ ಹೋಗುವ ಮಕ್ಕಳಿರುವ ಬೆಂಗಳೂರಿನವರಿಗೆ ಇದೇ ಹೊಂದುವುದು. ಜೂನ್‌ನಿಂದ ಆಗಸ್ಟ್ ಚಳಿಗಾಲ. ಹಗಲು ಚಿಕ್ಕದು, ದೋಣಿಗಳೂ ಕಮ್ಮಿ. ಆಗ ಇಳಿತ ಕತ್ತಲಲ್ಲಿ ಬೀಳದ ಹಾಗೆ ದಿನ ಹುಡುಕಬೇಕು. ಯಾವ ಕಾಲದಲ್ಲೇ ಆಗಲಿ ಸನ್‌ಸ್ಕ್ರೀನ್ ಬೇಕು. ಅಲ್ಲಿನ ಬಿಸಿಲು ತಂಪಾಗಿ ಕಂಡರೂ ನಮ್ಮ ಕಂದು ಚರ್ಮವನ್ನೂ ಸುಡುತ್ತದೆ.

ಸಿಡ್ನಿಯ ಮಗನ ಮನೆಗೆ ಬಂದವರು, ನ್ಯೂಜಿಲೆಂಡ್ ವೀಸಾ ಯಾಕೆ ಅನ್ನುವವರು, ಸಿಡ್ನಿಯ ದಕ್ಷಿಣಕ್ಕಿರುವ ರಾಯಲ್ ನ್ಯಾಷನಲ್ ಪಾರ್ಕ್ ನೋಡಬಹುದು. 1879ರ ಉದ್ಯಾನ ಅದು. ಬಂಡೀನಾದಿಂದ ಆಟ್‌ಫರ್ಡ್‌ಗೆ 26 ಕಿ.ಮೀ. ಕಡಲ ದಾರಿ ಇದೆ. ಅಲ್ಲಿ ಕೊಲ್ಲಿಗಳಿಗಿಂತ ಎತ್ತರದ ಬಂಡೆಗಳ ಅಂಚು ಜಾಸ್ತಿ, ನೆರಳು ಕಮ್ಮಿ. ಮೇನಿಂದ ನವೆಂಬರ್‌ವರೆಗೆ ದಂಡೆಯಿಂದಲೇ ತಿಮಿಂಗಿಲ ಕಾಣಿಸಬಹುದು, ಅದು ಏಬಲ್ ಟಾಸ್ಮನ್‌ನಲ್ಲಿ ಹಾಗೆ ಸಿಗುವ ನೋಟವಲ್ಲ. ಕ್ರನಲ್ಲಾದಿಂದ ಫೆರ್ರಿಯಲ್ಲಿ ಬಂಡೀನಾಕ್ಕೆ ಹೋಗಿ, ಮಾರ್ಲಿ ಬೀಚಿನವರೆಗೆ ನಡೆದು ವಾಪಸ್ ಬಂದರೆ ಒಂದು ದಿನಕ್ಕೆ ಸಾಕು.

ಏಬಲ್ ಟಾಸ್ಮನ್ ಅಂತಲೇ ಮನಸ್ಸು ಮಾಡಿದ್ದರೆ, ಅವರೋವಾದ ಇಳಿತದ ವೇಳಾಪಟ್ಟಿ ತೆಗೆದು ಮೂರು ನಾಲ್ಕು ದಿನಾಂಕ ಗುರುತು ಹಾಕಿಕೊಳ್ಳಿ. ಆ ದಿನಾಂಕಗಳಿಗೆ ನ್ಯೂಜಿಲೆಂಡಿನ ಸಂರಕ್ಷಣಾ ಇಲಾಖೆಯ (DOC) ಸೈಟಿನಲ್ಲಿ ಹಟ್ ಅಥವಾ ಕ್ಯಾಂಪ್ ಇದೆಯಾ ನೋಡಿ. ಅದು ಸಿಕ್ಕ ಮೇಲೆ ದೋಣಿ ಬುಕ್ ಮಾಡಿ, ಯಾವ ಬೀಚು, ಎಷ್ಟು ಗಂಟೆ ಅಂತ ಬರೆದಿಟ್ಟುಕೊಳ್ಳಿ. ದಾರಿಯಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ನೆಲ್ಸನ್‌ಗೆ ವಿಮಾನದ ಟಿಕೆಟ್ ಎಲ್ಲಕ್ಕಿಂತ ಕೊನೆಗೆ.